ಪಿಎಚ್‌ಸಿ ಸ್ಟಾಫ್‌ಗೆ ಮಾನಸಿಕ ಆರೋಗ್ಯದ ಟ್ರೇನಿಂಗ್ ಕೊಡ್ಬೇಕಾಗೈತಿ, ಎಲ್ಲಿಂದ ಶುರು ಮಾಡ್ಲಿ?

ಯಲಬುರ್ಗಾ_ಎಂಓ:

ಎಲ್ಲರಿಗೂ ನಮಸ್ಕಾರ್ರಿ. ನಾನು ಕೊಪ್ಪಳ ಜಿಲ್ಲಾ, ಯಲಬುರ್ಗಾ ಕಡೆ ಒಂದು ಪಿಎಚ್‌ಸಿಯಾಗ (ಪ್ರಾಥಮಿಕ ಆರೋಗ್ಯ ಕೇಂದ್ರ) ಮೆಡಿಕಲ್ ಆಫೀಸರ್ ಅದೀನಿ. ಬರೇ ಎಂಬಿಬಿಎಸ್, ಸೈಕಿಯಾಟ್ರಿ ಅಂದ್ರ ಇಂಟರ್ನ್‌ಶಿಪ್‌ನಾಗ ಎರಡು ವಾರ ನೋಡಿದ್ದಷ್ಟೇ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕಡಿಂದ ಡಾಕ್ಟರ್‌ಗಳಿಗೆ ಕೊಡೋ ಟ್ರೇನಿಂಗ್ ನಂದೂ ಆಗೈತಿ, ಚೊಲೋನೂ ಇತ್ತು, ಆದ್ರ ಸ್ಲೈಡ್‌ನಾಗ ಸ್ಕಿಜೋಫ್ರೇನಿಯಾ, ಬೈಪೋಲಾರ್, ಡಿಪ್ರೆಶನ್ ಅಂತ ಒಂದೊಂದೇ ರೋಗ ತೋರಿಸಿ ಮುಗಿಸಿದ್ರು. ವಾಪಸ್ ಬಂದು ಓಪಿಡಿಯಾಗ ಕುಂತ್ರ ಯಾರೂ ಆ ಹೆಸರು ಹಿಡ್ಕೊಂಡು ಬರಂಗಿಲ್ಲ ನೋಡ್ರಿ. ಕೈಕಾಲು ಹರಿತಾವ, ತಲಿ ದಿಮ್ಮಂತೈತಿ, ಎದಿ ಡವಡವ ಅಂತೈತಿ, ಊಟ ಸೇರವಲ್ದು, ನಿದ್ದಿ ಇಲ್ಲ, ಮೈಯಾಗ ಶಕ್ತೀನ ಇಲ್ಲ, ಒಂದು ಸಲಾಯಿನ್ ಹಾಕ್ರಿ ಸಾಹೇಬ್ರ, ಇಲ್ಲಾ ಬಿ ಕಾಂಪ್ಲೆಕ್ಸ್ ಇಂಜೆಕ್ಷನ್ ಆದ್ರೂ ಮಾಡ್ರಿ ಅಂತಾರ. ಮುಂದಿನ ವಾರ ಮತ್ತ ಅವರೇ ಬರ್ತಾರ, ಮತ್ತ ಅದೇ ಮಾತು.

ಈಗ ವಿಷಯ ಏನಂದ್ರ ನಮ್ಮ ಸ್ಟಾಫ್‌ಗೆ ನಾನೇ ಟ್ರೇನಿಂಗ್ ಕೊಡ್ಬೇಕಾಗೈತಿ. ಸ್ಟಾಫ್ ನರ್ಸ್, ಉಪಕೇಂದ್ರದ ಸಿಎಚ್‌ಓಗಳು (ಸಮುದಾಯ ಆರೋಗ್ಯ ಅಧಿಕಾರಿ), ಪಿಎಚ್‌ಸಿಓ (ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ) ಸಿಸ್ಟರ್‌ಗಳು, ಆಶಾಗಳು, ಎಲ್ಲಾರೂ ತಿಂಗಳ ಮೀಟಿಂಗಿಗೆ ಬಂದಾಗ ಒಂದೆರಡು ತಾಸು ಸಿಗಬಹುದು. ನಂಗ ಬಂದ ಸ್ಲೈಡ್‌ಗಳನ್ನೇ ಅವ್ರಿಗೆ ತೋರಿಸಿ ಫೋಟೋ ತಗೊಂಡು ರಿಪೋರ್ಟ್ ಕಳಿಸಿದ್ರ ಕೆಲ್ಸ ಮುಗೀತೈತಿ, ಆದ್ರ ಹಂಗ ಮಾಡಾಕ ನಂಗ ಮನಸ್ಸಿಲ್ಲ. ಓಪಿಡಿಯಾಗ ಎಂಬತ್ತು ನೂರು ಮಂದಿ ಇದ್ದಾಗ ಐದು ನಿಮಿಷದಾಗ ಯಾರಿಗೆ ಏನೈತಿ ಅಂತ ತಿಳ್ಕೊಳ್ಳೋದು ಹೆಂಗ, ಯಾರಿಗೆ ನಾನೇ ಔಷಧ ಶುರು ಮಾಡ್ಬಹುದು, ಯಾರನ್ನ ಕೊಪ್ಪಳಕ್ಕ ಕಳಿಸ್ಬೇಕು, ಔಷಧ ಶುರು ಮಾಡಿದ ಮ್ಯಾಲ ಅವರನ್ನ ನೋಡ್ಕೊಳ್ಳೋರು ಯಾರು, ಆಶಾ ಏನು ಕೇಳ್ಬೇಕು, ಸಿಎಚ್‌ಓ ಏನು ಮಾಡ್ಬೇಕು. ಕೆಲ್ಸದಾಗ ಇದ್ದೋರು ಯಾರಾದ್ರೂ ಬಿಡಿಸಿ ಹೇಳ್ರಿ. ನಮ್ಮೂರಾಗ ಇಂಥಾ ಮಂದಿ ಭಾಳ ಅದಾರ, ಹೊಲಕ್ಕ ಹೊಡಿಯೋ ಎಣ್ಣಿ ಕುಡ್ದು ಬರೋ ಕೇಸೂ ಬರ್ತಾವ, ಅವಾಗ ಹೊಟ್ಟಿ ತೊಳಿಯೋದಷ್ಟೇ ನಮ್ಮ ಕೆಲ್ಸ ಅನ್ನಂಗ ಆಗೇತಿ.

ಮಾನ್ವಿ_ಡಾಕ್ಟರ್:

ಸರ್, ನಾನು ರಾಯಚೂರು ಜಿಲ್ಲಾದಾಗ ಪಿಎಚ್‌ಸಿಯಲ್ಲೇ ಇರೋದು, ನಿಮ್ಹಂಗೇ ಎಂಬಿಬಿಎಸ್. ಆಮೇಲೆ ನಿಮ್ಹಾನ್ಸ್ ಡಿಜಿಟಲ್ ಅಕಾಡೆಮಿಯ ಕೋರ್ಸ್ ಆನ್‌ಲೈನ್‌ನಾಗ ಮಾಡ್ಕೊಂಡೆ. ನೀವು ಕೇಳಿದ್ದು ಸರಿಯಾದ ಪ್ರಶ್ನೆ ಅದ. ರೋಗದ ಹೆಸರಿನಿಂದ ಶುರು ಮಾಡ್ಲೇಬ್ಯಾಡ್ರಿ, ನಿಮ್ಮ ಓಪಿಡಿಯಾಗ ಬರೋ ಆ ಕಂಪ್ಲೇಂಟ್‌ನಿಂದಲೇ ಶುರು ಮಾಡ್ರಿ. ಎರಡು ಮೂರು ಸಲ ಅದೇ ಮೈಕೈ ನೋವು, ಅದೇ ನಿಶ್ಶಕ್ತಿ ಅಂತ ಬಂದು, ಹಿಮೋಗ್ಲೋಬಿನ್ ನೋಡಿದ್ವಿ, ಶುಗರ್ ನೋಡಿದ್ವಿ, ಥೈರಾಯ್ಡ್ ನೋಡಿದ್ವಿ, ಎಲ್ಲಾ ಸರಿ ಅದ ಅಂದ್ರ ಅಲ್ಲಿ ಪೆನ್ ಕೆಳಗಿಟ್ಟು ಎರಡು ಪ್ರಶ್ನೆ ಕೇಳ್ರಿ. ಹೋದ ಎರಡು ವಾರದಾಗ ಮನಸ್ಸಿಗೆ ಬ್ಯಾಸರ, ದುಃಖ ಆಗ್ಲಿಕತ್ತದೇನು, ಮೊದಲು ಖುಷಿ ಕೊಡ್ತಿದ್ದ ಕೆಲಸದಾಗ ಈಗ ಮನಸ್ಸು ಹತ್ತವಲ್ದೇನು. ಹೌದು ಅಂದ್ರ ಪಿಎಚ್‌ಕ್ಯೂ (ಡಿಪ್ರೆಶನ್ ಅಳಿಯೋ ಪ್ರಶ್ನಾವಳಿ) ಒಂಬತ್ತು ಪ್ರಶ್ನೆ ಪೂರ್ತಿ ಕೇಳ್ರಿ, 27ಕ್ಕ 10 ಅಥವಾ ಅದಕ್ಕಿಂತ ಜಾಸ್ತಿ ಬಂದ್ರ ಡಿಪ್ರೆಶನ್ ಇರೋ ಸಾಧ್ಯತೆ ಜಾಸ್ತಿ. ಸ್ಕೋರ್ ಮ್ಯಾಲೇ ಡಯಾಗ್ನೋಸಿಸ್ ಹಾಕ್ಬ್ಯಾಡ್ರಿ, ಮನಿ ಕೆಲ್ಸ, ಹೊಲದ ಕೆಲ್ಸ ಎಷ್ಟು ಕೆಟ್ಟದ ಅನ್ನೋದನ್ನ ಸೇರಿಸಿ ನೋಡ್ರಿ.

ಒಂಬತ್ತನೇ ಪ್ರಶ್ನೆ ಸಾಯೋ ಯೋಚನೆ ಬಗ್ಗೆ ಅದ, ಅದನ್ನ ಬಿಟ್ಟು ಮುಂದ ಹೋಗೋ ಡಾಕ್ಟರ್‌ಗಳು ಭಾಳ ಮಂದಿ. ಕೇಳಿದ್ರ ಇಲ್ಲದ ವಿಚಾರ ತಲಿಯಾಗ ಹಾಕ್ದಂಗ ಆಗ್ತದ ಅಂತ ಹೆದರ್ತಾರ. ಹಂಗಾಗೋದಿಲ್ಲ ಸರ್, ಕೇಳಿದ್ರ ಮನುಷ್ಯಾಗ ಹಗುರ ಆಗ್ತದ, ಯಾರೋ ಒಬ್ರು ಕೇಳಿದ್ರಲ್ಲ ಅಂತ.

ಔಷಧದ ವಿಷಯ. ಡಿಪ್ರೆಶನ್ ಗುಳಿಗಿ ಫ್ಲೂಯಾಕ್ಸೆಟಿನ್ 20 ಎಂಜಿ ಬೆಳಿಗ್ಗೆ ಊಟಾದ ಮ್ಯಾಲ, ವಯಸ್ಸಾದವರಿಗೆ ಅರ್ಧ ಡೋಸ್‌ನಿಂದ, ಇದನ್ನ ಪಿಎಚ್‌ಸಿ ಡಾಕ್ಟರ್ ಶುರು ಮಾಡ್ಬಹುದು. ಆದ್ರ ಬರಿಯೋಕಿಂತ ಮೊದಲು ಒಂದು ಮಾತು ಕೇಳ್ಲೇಬೇಕು, ಹಿಂದ ಯಾವಾಗಾದ್ರೂ ನಿದ್ದಿ ಇಲ್ದನೂ ಭಾರಿ ಹುರುಪು, ಭಾಳ ಮಾತು, ರೊಕ್ಕ ಸಿಕ್ಕಂಗ ಖರ್ಚು, ನಾನೇ ದೊಡ್ಡವ ಅನ್ನೋದು ಇತ್ತೇನು ಅಂತ, ಪೇಷಂಟ್‌ಗೂ ಮನಿಯವ್ರಿಗೂ. ಇತ್ತು ಅಂದ್ರ ಅದು ಬೈಪೋಲಾರ್ ಇರಬಹುದು, ಬರೇ ಡಿಪ್ರೆಶನ್ ಗುಳಿಗಿ ಕೊಟ್ರ ಮೇನಿಯಾ (ಆ ಅತಿ ಹುರುಪು) ಕಡೆ ತಿರುಗ್ತದ, ಸ್ಪೆಷಲಿಸ್ಟ್ ಹತ್ರ ಕಳಿಸ್ರಿ. ಇನ್ನ ಗುಳಿಗಿ ಕೊಡೋವಾಗ ಹೇಳೋ ಮಾತು ಗುಳಿಗಿಯಷ್ಟೇ ಮುಖ್ಯ. ಮೊದಲ ವಾರ ವಾಕರಿಕಿ ಬರ್ಬಹುದು, ಸ್ವಲ್ಪ ಚಡಪಡಿಕಿ ಆಗ್ಬಹುದು, ಅದು ತಾನೇ ಹೋಗ್ತದ. ಗುಣ ಕಾಣ್ಲಿಕ್ಕೆ ಎರಡರಿಂದ ನಾಕು ವಾರ ಬೇಕು, ಅಲ್ಲಿತನಕ ಬಿಡ್ಬಾರ್ದು. ಆರಾಮ ಆದ ಮ್ಯಾಲೂ 9ರಿಂದ 12 ತಿಂಗಳು ತಗೋಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಎಂಎಚ್‌ಗ್ಯಾಪ್ ಗೈಡ್‌ನಾಗ ಅದ. ಇದನ್ನ ಹೇಳ್ದೆ ಕಳಿಸಿದ್ರ ನಾಕನೇ ದಿನಕ್ಕ ಗುಳಿಗಿ ಗಟಾರ ಸೇರ್ತದ, ಆಸ್ಪತ್ರಿ ಔಷಧಕ್ಕ ಗುಣ ಇಲ್ಲ ಅಂತ ಹೆಸರು ಬರ್ತದ.

ಆ ಗೈಡ್ ಇಳಿಸ್ಕೊಂಡು ಇಟ್ಕೋರಿ. 2010ರಾಗ ಮೊದಲು ಬಂತು, 2016ರಾಗ ಎರಡನೇ ಆವೃತ್ತಿ. ಒಂದೊಂದು ಸಮಸ್ಯೆಗೂ ಅಸೆಸ್‌ಮೆಂಟ್, ಮ್ಯಾನೇಜ್‌ಮೆಂಟ್, ಫಾಲೋಅಪ್ ಅಂತ ಬಾಣದ ಗುರುತು ಹಾಕಿ ತೋರಿಸ್ಯಾರ, ಸ್ಪೆಷಲಿಸ್ಟ್ ಅಲ್ಲದ ನಮ್ಮಂಥವರಿಗೇ ಮಾಡಿದ್ದು. ಡಿಪ್ರೆಶನ್, ಸೈಕೋಸಿಸ್, ಫಿಟ್ಸ್, ಮಕ್ಕಳ ಸಮಸ್ಯೆ, ಮರೆವಿನ ಕಾಯಿಲೆ, ಕುಡಿತ ಮತ್ತ ಬ್ಯಾರೆ ಚಟ, ಆತ್ಮಹತ್ಯೆ ಎಲ್ಲಾ ಅವ.

ಇನ್ನೊಂದು, ಆಲ್ಪ್ರಜೋಲಾಮ್ ಅನ್ನೋ ನಿದ್ದಿ ಬರಿಸೋ ಗುಳಿಗಿ. ನಿದ್ದಿ ಇಲ್ಲ ಅಂದ್ರ ಸಾಕು ಅದನ್ನೇ ಬರಿಯೋ ರೂಢಿ ನಮ್ಮ ಕಡೆ ಭಾಳ ಅದ, ಮೆಡಿಕಲ್ ಶಾಪ್‌ನಾಗೂ ಕೊಡ್ತಾರ. ವಾರಗಟ್ಲೆ ತಗೊಂಡ್ರ ಅದಕ್ಕೇ ಅಂಟ್ಕೋತಾರ, ಒಳಗಿನ ಡಿಪ್ರೆಶನ್ ಹಂಗೇ ಉಳೀತದ. ನಿಮ್ಮ ಟ್ರೇನಿಂಗ್‌ನಾಗ ಸ್ಟಾಫ್ ನರ್ಸ್‌ಗಳಿಗೆ ಇದೊಂದು ಮಾತು ಖಂಡಿತ ಹೇಳ್ರಿ.

ಜಾಗದ ಬಗ್ಗೆನೂ ಯೋಚ್ನೆ ಮಾಡ್ರಿ. ಟೇಬಲ್ ಸುತ್ತ ಹತ್ತು ಮಂದಿ ನಿಂತಾಗ ಯಾರು ಮನಸ್ಸು ಬಿಚ್ಚಿ ಹೇಳ್ತಾರ? ಅಂಥವರನ್ನ ಮಧ್ಯಾಹ್ನ ರಶ್ ಕಡಿಮಿ ಆದ ಮ್ಯಾಲ ಕುಂದರಿಸ್ಕೊಂಡು ಮಾತಾಡ್ರಿ. ಗುರುವಾರ ಲಸಿಕೆ ದಿನ ಅಂತೂ ಬ್ಯಾಡೇ ಬ್ಯಾಡ.

ಸಿರುಗುಪ್ಪ_ನಿವೃತ್ತ:

ಡಾಕ್ಟರ್ ಸಾಹೇಬ್ರೇ, ನಾನು ಬಳ್ಳಾರಿ ಜಿಲ್ಲೆಯಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್ ಆಗಿ ರಿಟೈರ್ ಆದೋನು. ನಿಮ್ಮ ಪ್ರಶ್ನೆ ನೋಡಿ ಬರೀಲೇಬೇಕು ಅನ್ನಿಸ್ತು, ಯಾಕಂದ್ರೆ ಇವತ್ತು ದೇಶದಾಗೆಲ್ಲ ಐತಲ್ಲ ಡಿಎಂಎಚ್‌ಪಿ (ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ), ಅದರ ಬೇರು ನಮ್ಮ ಬಳ್ಳಾರಿಯೊಳಗೇ ಐತೆ. ಈಗಿನ ಹುಡುಗರಿಗೆ, ಇಲ್ಲೇ ಕೆಲಸ ಮಾಡೋರಿಗೂ ಇದು ಗೊತ್ತಿಲ್ಲ.

1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದಕ್ಕೂ ಮುಂಚೆ ನಿಮ್ಹಾನ್ಸ್‌ನವರು ಬೆಂಗಳೂರ ಹತ್ರ ಸಕಲವಾರದಲ್ಲಿ ಹಳ್ಳಿ ಮಟ್ಟದಾಗೆ ಇದನ್ನ ಮಾಡಿ ನೋಡಿದ್ರು. ಒಂದಿಡೀ ಜಿಲ್ಲೆಯಲ್ಲಿ ನಡೀತೈತಾ ಅಂತ ನೋಡೋಕೆ 1985ರಿಂದ 1990ರವರೆಗೆ ಬಳ್ಳಾರಿಯನ್ನ ತಗೊಂಡ್ರು. ಹತ್ತತ್ರ 20 ಲಕ್ಷ ಜನ ಇದ್ದ ಜಿಲ್ಲೆ, ಹೊಸಪೇಟೆ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಎಲ್ಲ ಆಗ ನಮ್ಮ ಬಳ್ಳಾರಿಗೇ ಸೇರಿದ್ವು. ಬೆಂಗಳೂರಿಂದ ಮುನ್ನೂರು ಕಿಲೋಮೀಟರ್ ಮೇಲೆ, ಅಂಥಾ ದೊಡ್ಡ ಮಾನಸಿಕ ಆಸ್ಪತ್ರೆ ಯಾವುದೂ ಇಲ್ಲಿಲ್ಲ. ಇಲ್ಲೇ ನಡೆದ್ರೆ ಎಲ್ಲಿ ಬೇಕಾದ್ರೂ ನಡೀತೈತೆ ಅಂತ. ಪಿಎಚ್‌ಸಿ ಡಾಕ್ಟರಿಂದ ಹಿಡ್ದು ನಮ್ಮಂಥ ಫೀಲ್ಡಿನೋರ ತನಕ ಟ್ರೇನಿಂಗ್. ಈ ಬಳ್ಳಾರಿ ಮಾದರಿಯನ್ನೇ ಹಿಡ್ಕೊಂಡು 1996ರಲ್ಲಿ ಸರ್ಕಾರ ನಾಕು ಜಿಲ್ಲೆಯಲ್ಲಿ ಡಿಎಂಎಚ್‌ಪಿ ಶುರು ಮಾಡ್ತು, ಆಮೇಲೆ ದೇಶ ಪೂರ್ತಿ ಹಬ್ಬಿತು.

ನಮಗೆ ಕಲಿಸಿದ್ದು ಸಣ್ಣ ಸಣ್ಣ ವಿಷಯ. ಮನೆ ಭೇಟಿಗೆ ಹೋದಾಗ ಏನು ಕೇಳ್ಬೇಕು ಅಂತ. ಈ ಮನೆಯಲ್ಲಿ ಅಥವಾ ಓಣಿಯಲ್ಲಿ ತಮ್ಮಷ್ಟಕ್ಕೆ ತಾವೇ ಮಾತಾಡೋರು, ಸುಮ್ಮನೆ ಅನುಮಾನ ಪಡೋರು, ಮನೆ ಬಿಟ್ಟು ತಿರುಗೋರು, ಮೂರ್ಛೆ ಬರೋರು, ವಯಸ್ಸಿಗೆ ತಕ್ಕ ಬುದ್ಧಿ ಬೆಳೀದ ಮಕ್ಕಳು ಯಾರಾದ್ರೂ ಇದಾರಾ? ಮಲೇರಿಯಾ ಜ್ವರದೋರ್ನ ಕೇಳಿದಂಗೇ ಕೇಳೋದು. ಊರೋರು ತಾವಾಗೇ ಹೇಳ್ತಿದ್ರು. ಜನಕ್ಕೆ ನಂಬಿಕೆ ಕುದುರಿದ್ದು ಮೂರ್ಛೆ ರೋಗದೋರಿಂದ, ಇದನ್ನ ನಾನು ಕಣ್ಣಾರೆ ಕಂಡೋನು. ವರ್ಷಗಟ್ಲೆ ಒಲೆಗೆ ಬಿದ್ದು, ಬಾವಿ ಕಟ್ಟೆಯಲ್ಲಿ ಬಿದ್ದು ಕೈ ಮೈ ಸುಟ್ಟುಕೊಂಡ ಹುಡುಗಿಗೆ ಸರ್ಕಾರಿ ಆಸ್ಪತ್ರೆ ಮಾತ್ರೆಯಿಂದ ಮೂರ್ಛೆ ನಿಂತ್ರೆ ಊರಿಗೆ ಊರೇ ನೋಡ್ತೈತೆ. ಆಮೇಲೆ ಮನೆಯೊಳಗೆ ಕೂಡಿಹಾಕಿದ್ದೋರನ್ನೂ ಹೊರಗೆ ಕರ್ಕೊಂಡು ಬರ್ತಾರೆ. ನಿಮ್ಮ ಆಶಾಗಳಿಗೂ ಮೂರ್ಛೆಯಿಂದ ಶುರು ಮಾಡ್ಸಿ ಅಂತೀನಿ ನಾನು.

ಟ್ರೇನಿಂಗ್ ಒಂದೇ ಆಗಿದ್ರೆ ನಾವೂ ಮರ್ತುಬಿಡ್ತಿದ್ವಿ. ಕೆಲಸ ನಡೆದಿದ್ದು ಯಾಕಂದ್ರೆ ಟ್ರೇನಿಂಗ್ ಕೊಟ್ಟೋರೇ ಆಮೇಲೂ ನಮ್ಮ ಜೊತೆ ಇದ್ರು. ಜಿಲ್ಲಾ ಟೀಮಿನೋರು ಸೆಂಟರ್‌ಗೆ ಬರೋರು, ನಾವು ಬರೆದಿಟ್ಟ ರಿಜಿಸ್ಟರ್ ನೋಡೋರು, ಈ ಪೇಷಂಟ್ ಯಾಕೆ ಬಂದಿಲ್ಲ ಅಂತ ಕೇಳೋರು, ಕಷ್ಟದ ಕೇಸನ್ನ ನಮ್ಮ ಎದುರಿಗೇ ನೋಡಿ ತಿಳಿಸಿ ಹೇಳೋರು. ಔಷಧ ನಾಕೈದು ಬಗೆ ಅಷ್ಟೇ, ಆದ್ರೆ ಇರ್ತಿತ್ತು. ನಿಮ್ಮ ಮೇಲಿನೋರನ್ನ ಕೇಳೋದಿದ್ರೆ ಸ್ಲೈಡ್ ಕೇಳ್ಬೇಡಿ ಸಾಹೇಬ್ರೇ, ತಿಂಗಳಿಗೊಮ್ಮೆ ಯಾರನ್ನಾದ್ರೂ ಕಳಿಸಿ ಅಂತ ಕೇಳಿ.

ಸಿಎಚ್‌ಓ_ಕುಷ್ಟಗಿ:

ಸರ್ ನಾನು ನಿಮ್ಮ ಪಕ್ಕದ ತಾಲೂಕಿನ ಸಿಎಚ್‌ಓ ರೀ. ಒಂದು ವಿನಂತಿ, ದಯವಿಟ್ಟು ಇನ್ನೊಂದು ಹೊಸ ಫಾರ್ಮ್ ತರಬ್ಯಾಡ್ರಿ. ಮ್ಯಾಲೆ ಮಾನ್ವಿ ಸರ್ ಹೇಳಿದ ಆ ಎರಡು ಪ್ರಶ್ನೆ ಆಶಾ ತುಂಬೋ ಸಿಬ್ಯಾಕ್ ಫಾರ್ಮ್‌ನಾಗ ಆಗಲೇ ಅದಾವ, 30 ವರ್ಷ ಮ್ಯಾಲಿನವರಿಗೆ ಬಿಪಿ, ಶುಗರ್, ಕ್ಯಾನ್ಸರ್ ಸ್ಕ್ರೀನಿಂಗ್ ಮಾಡೋ ಮುಂದ ಕೇಳ್ಬೇಕಾದ್ದು. ಸ್ಕೋರ್ 3 ದಾಟಿದ್ರ ನಮ್ಮ ಹತ್ರ ಇಲ್ಲಾ ಎಂಓ (ಮೆಡಿಕಲ್ ಆಫೀಸರ್) ಹತ್ರ ಕಳಿಸ್ಬೇಕು ಅಂತ ಅದರಾಗೇ ಬರ್ದೈತಿ. ಆದ್ರ ಕೊನೀ ಪುಟದಾಗ ಇರೋದ್ರಿಂದ ಅಲ್ಲಿಗೆ ಬರೋದ್ರಾಗ ಆಶಾಗೂ ಸಾಕಾಗಿರ್ತೈತಿ, ಆ ಮನಿಯವ್ರಿಗೂ ಸಾಕಾಗಿರ್ತೈತಿ, ಎಲ್ಲಾ ಸೊನ್ನಿ ಸೊನ್ನಿ ಹಾಕಿ ಮುಗಿಸ್ತಾರ. ಅವ್ರದೂ ತಪ್ಪಲ್ಲ. ಹಿಂಗಿಂಗ ಕೇಳ್ಬೇಕು, ಹೌದು ಅಂದ್ರ ಮುಂದ ಹಿಂಗ ಮಾಡ್ಬೇಕು ಅಂತ ಅವ್ರಿಗೆ ಯಾರೂ ಮಾಡಿ ತೋರಿಸಿಲ್ಲ.

ನಮ್ಮ ಆಶಾ ಒಬ್ರು ಇದಾರ, ಅವ್ರು ಅತ್ತಿ ಸೊಸಿ ಇಬ್ರೂ ಕುಂತಾಗ ಸೊಸಿಗೆ ಈ ಪ್ರಶ್ನೆ ಕೇಳಂಗಿಲ್ಲ. ಬಿಪಿ ನೋಡೋದೈತಿ ಬಾರವ್ವ ಸಬ್‌ಸೆಂಟರ್‌ಗೆ ಅಂತ ಕರ್ಕೊಂಡು ಬರ್ತಾರ, ದಾರ್‍ಯಾಗ ನಡ್ಕೋತ ಮಾತಾಡ್ತಾರ. ಸಬ್‌ಸೆಂಟರ್‌ಗೆ ಬರೋದ್ರಾಗ ಅರ್ಧ ವಿಷಯ ಆಕಿನೇ ಹೇಳಿರ್ತಾಳ. ಇಂಥಾ ಆಶಾಗಳನ್ನ ಎದ್ದು ನಿಲ್ಲಿಸಿ ಉಳಿದವರಿಗೆ ಹೇಳ್ಸಿರಿ ಸರ್, ನೀವು ಹೇಳೋಕಿಂತ ಅದು ಚೊಲೋ ಹೋಗ್ತೈತಿ.

ಸಿಂಧನೂರು_ಸೋಶಿಯಲ್‌ವರ್ಕರ್:

ನಾನು ಸೈಕಿಯಾಟ್ರಿಕ್ ಸೋಶಿಯಲ್ ವರ್ಕರ್, ಇಂಥಾ ಟ್ರೇನಿಂಗ್ ಕೊಡೋದೇ ನನ್ನ ಕೆಲ್ಸದಾಗ ಒಂದು ಭಾಗ. ಮ್ಯಾಲಿನೋರು ಹೇಳಿದ್ದೆಲ್ಲ ಒಪ್ಪೀನಿ, ನನ್ನ ಕಡಿಂದ ಕೆಲವು ಸೇರಿಸ್ತೀನಿ.

ಮೊದಲನೇದು, ಪಾತ್ರ ಮಾಡಿಸ್ರಿ. ಒಬ್ಬ ಸಿಸ್ಟರ್ ಪೇಷಂಟ್, ಒಬ್ಬ ಸಿಸ್ಟರ್ ಕೇಳೋರು, ಉಳಿದವರು ನೋಡೋರು. ಮೊದಲು ನಾಚಿಗಿಲಿಂದ ನಗ್ತಾರ, ಸ್ವಲ್ಪ ಹೊತ್ತಿಗೆ ಮುಖ ಗಂಭೀರ ಆಗ್ತದ. ನೋಡೋರಿಗೆ ಏನು ಗಮನಿಸ್ಬೇಕು ಅಂತ ಮೊದಲೇ ಹೇಳಿರ್ಬೇಕು. ಮಾತಿನ ನಡುವ ಫೋನ್ ನೋಡಿದ್ರೇನು, ಬೈದಂಗ ಮಾತಾಡಿದ್ರೇನು, ನಿಂದೇನು ಮಹಾ ಕಷ್ಟ, ಧೈರ್ಯ ತಗೋ, ದೇವರ ಮ್ಯಾಲ ಭಾರ ಹಾಕು ಅಂತ ಬಾಯಿ ಮುಚ್ಚಿಸಿದ್ರೇನು. ವಿಶ್ವ ಆರೋಗ್ಯ ಸಂಸ್ಥೆ ಮತ್ತ ಯುನಿಸೆಫ್ ಸೇರಿ ಇಕ್ವಿಪ್ ಅಂತ ಒಂದು ವ್ಯವಸ್ಥೆ ಮಾಡ್ಯಾರ, ಅದರಾಗ ಟ್ರೇನಿಂಗ್ ಆದವರಿಗೆ ಬರವಣಿಗಿ ಪರೀಕ್ಷೆ ಇಟ್ಟು ಮುಗಿಸೋ ಬದ್ಲಿ ಹಿಂಗೇ ಪಾತ್ರ ಮಾಡಿಸಿ, ಪೇಷಂಟ್‌ಗೆ ನೋವಾಗೋ ನಡವಳಿಕಿ ಇದೆಯಾ ಅಂತ ಮೊದಲು ನೋಡ್ತಾರ. ನಮ್ಮ ಸ್ಟಾಫ್‌ಗೆ ಡೆಫಿನಿಶನ್ ಬಾಯಿಪಾಠ ಬರೋದು ಬ್ಯಾಡ, ಎದುರು ಕುಂತವರ ಮಾತು ಎರಡು ನಿಮಿಷ ತಡೀದೆ ಕೇಳೋದು ಬಂದ್ರ ಅದು ದೊಡ್ಡದು.

ಎರಡನೇದು ಗುಟ್ಟು ಕಾಯೋದು. ಆಶಾ ಅದೇ ಊರಿನೋಳು, ಬೀಗ್ತಿ ಆಗಿರ್ತಾಳ, ಅಕ್ಕತಂಗಿ ಆಗಿರ್ತಾಳ. ಇವತ್ತು ಹೇಳಿದ ಮಾತು ನಾಳೆ ನಳದ ಹತ್ರ ಬಂದ್ರ ಆ ಮನಿ ಬಾಗಿಲು ಮತ್ತ ಯಾವತ್ತೂ ತೆಗಿಯಂಗಿಲ್ಲ. ಇದಕ್ಕ ಒಂದು ಪೂರ್ತಿ ಸೆಷನ್ ಇಡ್ರಿ, ಅದಕ್ಕ ಕೊಟ್ಟ ಹೊತ್ತು ದಂಡ ಅಲ್ಲ.

ಮೂರನೇದು ನೀವು ಕೇಳಿದ ಎಣ್ಣಿ ಕುಡಿಯೋ ಕೇಸು. ನಮ್ಮ ಭತ್ತದ ಸೀಮಿ, ಹತ್ತಿ ಮೆಣಸಿನಕಾಯಿ ಹೊಲದೋರ ಮನ್ಯಾಗ ಕ್ರಿಮಿನಾಶಕದ ಡಬ್ಬಿ ಅಡಿಗಿ ಮನಿ ಮೂಲ್ಯಾಗ, ಮಂಚದ ಕೆಳಗ ಇರ್ತದ. ಸಿಟ್ಟು ಬಂದ ಆ ಹತ್ತು ನಿಮಿಷದಾಗ ಕೈಗೆ ಸಿಗದಂಗ ಮಾಡಿದ್ರ ಎಷ್ಟೋ ಜೀವ ಉಳೀತಾವ. ಯಾರಿಗೆ ಸಾಯೋ ಯೋಚನೆ ಅದ ಅಂತ ಗೊತ್ತಾಯ್ತೋ ಅವತ್ತೇ ಮನಿಯವ್ರನ್ನ ಕುಂದರಿಸಿ, ಡಬ್ಬಿ ಎಲ್ಲದ, ಯಾರ ಮನಿಗೆ ಇಡ್ತೀರಿ, ಕೀಲಿ ಯಾರ ಹತ್ರ ಅಂತ ಕೇಳ್ಬೇಕು. ಪೇಷಂಟ್ ಒಬ್ರನ್ನೇ ಬಿಡ್ಬಾರ್ದು, ಎರಡು ದಿನಕ್ಕ ಆಶಾ ಹೋಗಿ ನೋಡ್ಬೇಕು. ಹೊಟ್ಟಿ ತೊಳ್ದು ಉಳ್ಕೊಂಡವರು ಡಿಸ್ಚಾರ್ಜ್ ಆಗೋಕಿಂತ ಮೊದಲು ಒಬ್ರಾದ್ರೂ ಕುಂತು ಮಾತಾಡ್ಲಿ, ಮತ್ತ ಅದೇ ಕೆಲ್ಸ ಮಾಡ್ಕೊಳ್ಳೋ ಅಪಾಯ ಇವರಿಗೇ ಜಾಸ್ತಿ. ಪೊಲೀಸ್ ಕೇಸಿಗೆ ಹೆದರಿ ಹೊಟ್ಟಿನೋವು ಅಂತ ಸುಳ್ಳು ಹೇಳ್ಕೊಂಡು ಬರ್ತಾರಲ್ಲ, ಅವ್ರಿಗೆ ಧೈರ್ಯ ಹೇಳ್ಸಿರಿ, 2017ರ ಮಾನಸಿಕ ಆರೋಗ್ಯ ಕಾಯ್ದೆ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಾಗ ಇದ್ರು ಅಂತ ತಿಳ್ಕೋಬೇಕು, ಶಿಕ್ಷೆ ಕೊಡೋ ಹಂಗಿಲ್ಲ. ನೀವು ಎಂಎಲ್‌ಸಿ (ಪೊಲೀಸರಿಗೆ ತಿಳಿಸೋ ದಾಖಲೆ) ಮಾಡೋದು ಬ್ಯಾರೆ ವಿಷಯ, ಅದನ್ನ ಮಾಡ್ರಿ.

ಬಾಣಂತಿಯರನ್ನ ಮರೀಬ್ಯಾಡ್ರಿ. ಆಸ್ಪತ್ರಿ ಹೆರಿಗೆ ಆದವರ ಮನಿಗೆ ಆಶಾ 42 ದಿನದೊಳಗ ಆರು ಸಲ ಹೋಗ್ತಾರ, ಕೂಸಿನ ತೂಕ, ಹೊಕ್ಕಳ ನೋಡ್ತಾರ. ತಾಯಿ ಕಡೆ ತಿರುಗಿ ನಿದ್ದಿ ಹ್ಯಾಂಗದವ್ವ, ಕೂಸಿನ ಮ್ಯಾಲ ಮನಸ್ಸು ಹ್ಯಾಂಗದ ಅಂತ ಕೇಳೋದು ಅದೇ ಭೇಟಿಯಾಗ ಆಗ್ತದ. ಹೆರಿಗೆ ಆಗಿ ಒಂದೆರಡು ವಾರದಾಗ ನಿದ್ದಿ ಪೂರ್ತಿ ಬಿಟ್ಟು, ಸಂಬಂಧ ಇಲ್ದ ಮಾತು, ಕೂಸಿನ ಬಗ್ಗೆ ವಿಚಿತ್ರ ಅನುಮಾನ ಶುರುವಾದ್ರ ಅದು ಎಮರ್ಜೆನ್ಸಿ. ಮನಿಯವ್ರು ಬಾಣಂತಿ ಸನ್ನಿ ಅಂತಾರ, ಗಾಳಿ ಬಡದದ ಅಂತಾರ, ತಾಯತ ಕಟ್ಟಿಸೋದಿದ್ರ ಕಟ್ಟಿಸ್ಲಿ, ಬ್ಯಾಡ ಅಂತ ಜಗಳ ತಗೀಬ್ಯಾಡ್ರಿ, ಆದ್ರ ಅವತ್ತೇ ಆಂಬ್ಯುಲೆನ್ಸ್ ಹತ್ತಿಸ್ರಿ, ಕೂಸನ್ನ ಆಕಿ ಒಬ್ಬಾಕಿ ಹತ್ರ ಬಿಡಬ್ಯಾಡ್ರಿ.

ಸಂಪರ್ಕಕ್ಕ ಎರಡು ದಾರಿ ಎಲ್ಲಾ ಸ್ಟಾಫ್‌ಗೂ ಗೊತ್ತಿರ್ಲಿ. ತಾಲೂಕು ಆಸ್ಪತ್ರಿಯಾಗ ಮಂಗಳವಾರ ಮನೋಚೈತನ್ಯ ಕ್ಲಿನಿಕ್, ಅಲ್ಲಿಗೆ ಸೈಕಿಯಾಟ್ರಿಸ್ಟ್ ಬರ್ತಾರ. ಇನ್ನೊಂದು ಟೆಲಿ ಮಾನಸ್ 14416, 2022ರ ಅಕ್ಟೋಬರ್ 10ರಿಂದ ಅದ, ಹಗಲು ರಾತ್ರಿ ಕನ್ನಡದಾಗೇ ಮಾತಾಡ್ತಾರ, ದುಡ್ಡಿಲ್ಲ. ನಂಬರ್ ಗೋಡಿ ಮ್ಯಾಲ ಬರ್ಸಿರಿ, ಮೀಟಿಂಗ್‌ನಾಗೇ ಒಂದು ಸಲ ಎಲ್ಲಾರ ಫೋನಿಗೂ ಸೇವ್ ಮಾಡ್ಸಿಬಿಡ್ರಿ.

ಲಿಂಗಸುಗೂರು_ಅಣ್ಣ:

ನಾನು ಡಾಕ್ಟರ್ ಅಲ್ಲ, ಪೇಷಂಟ್ ಮನಿಯವ. ನನ್ನ ತಮ್ಮಗ ಸ್ಕಿಜೋಫ್ರೇನಿಯಾ ಅದ, ಕಾಲೇಜ್ ಓದುವಾಗ ಶುರು ಆದದ್ದು. ಈಗ ಔಷಧ ತಗೋತಾನ, ಹೊಲಕ್ಕ ಬರ್ತಾನ, ಎತ್ತು ನೋಡ್ಕೋತಾನ. ಸಾಹೇಬ್ರೇ ನಿಮ್ಮ ಟ್ರೇನಿಂಗ್‌ನಾಗ ನಮ್ಮಂಥವರ ಮಾತೂ ಸೇರಿಸ್ರಿ ಅಂತ ಕೇಳ್ಕೋತೀನಿ.

ಶುರುವಿನಾಗ ಒಂದು ಕಡೆ ಇಂಜೆಕ್ಷನ್ ಮಾಡಿ ಕಳಿಸಿದ್ರು. ಮರುದಿನ ಅವನ ಕುತ್ತಿಗಿ ಒಂದು ಕಡೆ ಸೊಟ್ಟ ಆಗಿ, ಕಣ್ಣು ಮ್ಯಾಲ ಹೋಗಿ, ನಾಲಿಗಿ ಹೊರಗ ಬಂತು. ಹಿಂಗಾಗಬಹುದು ಅಂತ ಯಾರೂ ಹೇಳಿದ್ದಿಲ್ಲ. ನಮ್ಮವ್ವ ಅದನ್ನ ನೋಡಿ ದೆವ್ವ ಹೊರಗ ಬರ್ಲಿಕತ್ತದ ಅಂತ ತಿಳ್ಕೊಂಡು ಗುಡಿಗೆ ಒಯ್ದ್ಲು, ಆಮ್ಯಾಲ ಎಷ್ಟೋ ತಿಂಗಳು ಆಸ್ಪತ್ರಿ ಕಡೆ ಹೋಗ್ಲಿಕ್ಕೇ ಬಿಡ್ಲಿಲ್ಲ. ಅದು ಔಷಧದಿಂದ ಆಗೋದು, ಇನ್ನೊಂದು ಇಂಜೆಕ್ಷನ್ ಮಾಡಿದ್ರ ಅರ್ಧ ತಾಸಿನಾಗ ಸರಿ ಆಗ್ತದ ಅಂತ ಆಮ್ಯಾಲ ಗೊತ್ತಾತು. ಆವತ್ತು ಒಂದು ಮಾತು ಹೇಳಿ ಕಳ್ಸಿದ್ರ ಅಷ್ಟು ತಿಂಗಳು ಕಳೀತಿರ್ಲಿಲ್ಲ.

ಇನ್ನೊಂದು, ಎಲ್ಲಾರೂ ನನ್ನನ್ನೇ ಕೇಳ್ತಾರ, ಹ್ಯಾಂಗದಾನ, ನಿದ್ದಿ ಮಾಡ್ತಾನಾ, ಗುಳಿಗಿ ನುಂಗ್ತಾನಾ ಅಂತ. ಅಂವ ಪಕ್ಕದಾಗೇ ಕುಂತಿರ್ತಾನ. ಅವನನ್ನ ಹೆಸರು ಹಿಡ್ದು ಕೇಳಿದ ಸಿಸ್ಟರ್ ಒಬ್ರು ಇದಾರ, ಅವ್ರು ಡ್ಯೂಟಿಯಾಗ ಇದ್ದ ದಿನ ಅಂವ ತಾನೇ ಅಂಗಿ ಹಾಕ್ಕೊಂಡು ರೆಡಿ ಆಗ್ತಾನ. ಮತ್ತ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇಂಥವರಿಗೂ ಸಿಗ್ತದ ಅನ್ನೋದು ನಿಮ್ಮ ಸ್ಟಾಫ್‌ಗೆ ಗೊತ್ತಿರ್ಲಿ, ನಮಗ ಅದು ಬಸ್‌ನಾಗ ಪಕ್ಕ ಕುಂತವರಿಂದ ಗೊತ್ತಾಗಿದ್ದು.

ಯಲಬುರ್ಗಾ_ಎಂಓ:

ಎಲ್ಲಾರಿಗೂ ಭಾಳ ಧನ್ಯವಾದ್ರಿ. ಲಿಂಗಸುಗೂರು ಅಣ್ಣಾರ, ನೀವು ಬರ್ದಿದ್ದನ್ನ ಹೆಸರಿಲ್ದ ನಮ್ಮ ನರ್ಸ್‌ಗಳಿಗೆ ಓದಿ ಹೇಳ್ತೀನಿ, ನಿಮ್ಮ ಒಪ್ಪಿಗಿ ಇದ್ರ. ಬಳ್ಳಾರಿ ವಿಷಯ ನಂಗ ಖರೇನ ಗೊತ್ತಿರಲಿಲ್ಲ ಹಿರಿಯರ, ಅಲ್ಲೇ ನಮ್ಮ ಬಗಲಾಗ ಆಗಿದ್ದು.

ಮೊದಲ ಮೀಟಿಂಗ್‌ನಾಗ ಮೂರ್ಛೆ ಮತ್ತ ಆ ಎರಡು ಪ್ರಶ್ನೆ ಅಷ್ಟೇ ಇಟ್ಕೋತೀನಿ, ಕುಷ್ಟಗಿ ಸಿಸ್ಟರ್ ಹೇಳ್ದಂಗ ಹೊಸ ಫಾರ್ಮ್ ಇಲ್ಲ. ನರ್ಸ್‌ಗಳಿಗೆ ಬ್ಯಾರೆ ದಿನ ಕೂಡಿಸ್ತೀನಿ. ಅವ್ರು ಕೇಳೋದು ಒಂದೇ, ರಾತ್ರಿ ಡ್ಯೂಟಿಯಾಗ ನಾಕು ಮಂದಿ ಹಿಡ್ಕೊಂಡು ಒಬ್ಬನ್ನ ಕರ್ಕೊಂಡು ಬಂದು ತಲಿ ಕೆಟ್ಟೈತಿ ಏನಾರ ಮಾಡ್ರಿ ಅಂದ್ರ ಏನು ಮಾಡ್ಬೇಕು. ಇದಕ್ಕ ಮಾನ್ವಿ ಸರ್ ಉತ್ತರ ಕೊಟ್ರ ಉಪಕಾರ ಆಗ್ತೈತಿ.

ಮಾನ್ವಿ_ಡಾಕ್ಟರ್:

ಮೊದಲು ಇದು ಮನಸ್ಸಿನ ಕಾಯಿಲೆನಾ ಇಲ್ಲಾ ಮೈಯಾಗಿನ ಕಾಯಿಲೆಯಿಂದ ತಲಿಗೆ ಏರಿದ್ದಾ ಅಂತ ಬೇರ್ಪಡಿಸ್ಲಿಕ್ಕೆ ಕಲಿಸ್ರಿ. ಗ್ಲುಕೋಮೀಟರ್‌ನಾಗ ಶುಗರ್, ಜ್ವರ, ಪಲ್ಸ್, ಬಿಪಿ, ತಲಿಗೆ ಪೆಟ್ಟು ಬಿದ್ದದೇನು, ಹೊಲದ ಎಣ್ಣಿ ಕುಡ್ದಾನೇನು, ಇಷ್ಟು ಐದು ನಿಮಿಷದ ಕೆಲ್ಸ. ಇವತ್ತು ಯಾವ ವಾರ, ಇದು ಯಾವ ಊರು, ನಿನ್ನ ಜೊತಿಗೆ ಬಂದವರು ಯಾರು ಅಂತ ಕೇಳಿದ್ರ ಗೊತ್ತಾಗವಲ್ದು, ಒಮ್ಮೆ ಸರಿ ಒಮ್ಮೆ ತಪ್ಪು, ಇಲ್ದ ಹುಳ ಹಾವು ಕಾಣ್ತಾವ ಅಂತಾನ ಅಂದ್ರ ಅದು ಡೆಲಿರಿಯಮ್, ಕಾರಣ ಹುಡುಕ್ಬೇಕು, ದೊಡ್ಡ ಆಸ್ಪತ್ರಿಗೆ ಕಳಿಸ್ಬೇಕು. ಸೈಕೋಸಿಸ್ ಇದ್ದವರಿಗೆ ಸಾಮಾನ್ಯವಾಗಿ ಊರು, ವ್ಯಾಳ್ಯಾ, ಮಂದಿ ಗೊತ್ತಿರ್ತದ, ಆದ್ರ ಇಲ್ದ ಧ್ವನಿ ಕೇಳಿಸ್ತಾವ, ಬಿಡದ ಅನುಮಾನ ಇರ್ತದ.

ನಮ್ಮ ಕಡೆ ಭಾಳ ಸಲ ಅದು ಕುಡಿತ ಬಿಟ್ಟಿದ್ದರಿಂದ ಆಗಿರ್ತದ. ಮಾಲಿ ಹಾಕ್ಕೊಂಡಾನ, ಇಲ್ಲಾ ಜ್ವರ ಬಂದು ಮಲಗ್ಯಾನ, ಎರಡು ಮೂರು ದಿನದಿಂದ ಕುಡ್ದಿಲ್ಲ. ಕೈ ನಡುಗ್ತದ, ಬೆವರು, ಒಂದೆರಡು ದಿನದೊಳಗ ಫಿಟ್ಸ್ ಬರ್ಬಹುದು, ಎರಡು ದಿನ ದಾಟಿದ ಮ್ಯಾಲ ಡೆಲಿರಿಯಮ್. ಅದಕ್ಕ ಕೊನೀ ಸಲ ಯಾವಾಗ ಕುಡ್ದಾನ ಅನ್ನೋ ಪ್ರಶ್ನೆ ಪ್ರತಿಯೊಬ್ಬ ನರ್ಸ್ ಬಾಯಾಗೂ ಇರ್ಬೇಕು. ಗ್ಲೂಕೋಸ್ ಡ್ರಿಪ್ ಏರಿಸೋಕಿಂತ ಮೊದಲು ಥಯಮಿನ್ (ವಿಟಮಿನ್ ಬಿ1) ಕೊಡ್ರಿ. ಆ ಗೈಡ್ ನೋಡಿ ಡಯಾಜೆಪಾಮ್ ಕೊಟ್ಟು ದಿನಾ ಇಳಿಸ್ಕೋತ ಹೋಗೋದು, ಲಿವರ್ ಕೆಟ್ಟಿದ್ರ ಲೊರಾಜೆಪಾಮ್. ಇಂಥವರಿಗೆ ಬರೇ ಹ್ಯಾಲೋಪೆರಿಡಾಲ್ (ಸೈಕೋಸಿಸ್ ಔಷಧ) ಹಾಕಿ ಮಲಗಿಸ್ಬ್ಯಾಡ್ರಿ.

ಸೈಕೋಸಿಸ್ ಅಂತ ಖಾತ್ರಿ ಆಗಿ ಹ್ಯಾಲೋಪೆರಿಡಾಲ್ ಇಂಜೆಕ್ಷನ್ ಕೊಡೋದಿದ್ರ ಜೊತಿಗೆ ಪ್ರೊಮೆಥಜಿನ್ ಕೊಡ್ರಿ, ಕುತ್ತಿಗಿ ಸೊಟ್ಟ ಆಗೋದು ಕಡಿಮಿ ಆಗ್ತದ, ಅಣ್ಣಾರು ಮ್ಯಾಲ ಬರ್ದದ್ದು ಅದೇ. ಅದೇ 2017ರ ಮಾನಸಿಕ ಆರೋಗ್ಯ ಕಾಯ್ದೆ 94ನೇ ಸೆಕ್ಷನ್ ಪ್ರಕಾರ ಎಮರ್ಜೆನ್ಸಿಯಾಗ ಯಾವುದೇ ನೋಂದಾಯಿತ ಡಾಕ್ಟರ್ ಚಿಕಿತ್ಸೆ ಕೊಡ್ಬಹುದು, ಪೇಷಂಟ್‌ನ ನಾಮನಿರ್ದೇಶಿತ ಪ್ರತಿನಿಧಿ (ಸಾಮಾನ್ಯವಾಗಿ ಮನಿಯವರು) ಒಪ್ಪಿಗಿ ಸಿಗೋ ಹಂಗಿದ್ರ ತಗೊಂಡು, 72 ತಾಸಿನ ತನಕ ಅಥವಾ ಮಾನಸಿಕ ಆಸ್ಪತ್ರಿಯಾಗ ಪರೀಕ್ಷೆ ಆಗೋ ತನಕ, ಯಾವುದು ಮೊದಲೋ ಅಲ್ಲಿತನಕ. ಹಂಗಾಗಿ ನಮಗ ಅಧಿಕಾರ ಇಲ್ಲ ಅಂತ ಗೇಟ್‌ನಾಗಿಂದಲೇ ವಾಪಸ್ ಕಳಿಸೋ ಅವಶ್ಯಕತಿ ಇಲ್ಲ. ಹಿಡ್ಕೊಂಡು ಬಂದ ನಾಕು ಮಂದ್ಯಾಗ ಜಗಳ ಮಾಡೋರನ್ನ ಹೊರಗ ಕಳಿಸಿ, ಅವನಿಗೆ ಗುರುತಿದ್ದ ಒಬ್ರನ್ನ ಉಳಿಸ್ಕೊಂಡು, ಮೆತ್ತಗ ಮಾತಾಡಿ, ನೀರು ಕೊಟ್ರ ಇಂಜೆಕ್ಷನ್ ಇಲ್ದನೂ ಎಷ್ಟೋ ಮಂದಿ ಕುಂದರ್ತಾರ.

ಔಷಧದ ಇಂಡೆಂಟ್ (ಬೇಡಿಕೆ ಪಟ್ಟಿ) ಟ್ರೇನಿಂಗ್‌ಗಿಂತ ಮೊದಲೇ ಹಾಕ್ರಿ ಸರ್. ಫ್ಲೂಯಾಕ್ಸೆಟಿನ್, ರಿಸ್ಪೆರಿಡೋನ್, ಟ್ರೈಹೆಕ್ಸಿಫೆನಿಡಿಲ್, ಮೂರ್ಛೆಗೆ ಕಾರ್ಬಮಜೆಪಿನ್ ಇಲ್ಲಾ ಫೆನಿಟಾಯಿನ್, ಡಯಾಜೆಪಾಮ್, ಥಯಮಿನ್, ಪ್ರೊಮೆಥಜಿನ್ ಇಂಜೆಕ್ಷನ್. ಮಕ್ಕಳಾಗೋ ವಯಸ್ಸಿನ ಹೆಣ್ಣುಮಕ್ಕಳಿಗೆ ವಾಲ್‌ಪ್ರೊಯೇಟ್ (ಮೂರ್ಛೆಗೆ ಕೊಡೋ ಇನ್ನೊಂದು ಔಷಧ) ಶುರು ಮಾಡ್ಬ್ಯಾಡ್ರಿ, ಹೊಟ್ಟ್ಯಾಗಿನ ಕೂಸಿಗೆ ತೊಂದ್ರಿ ಆಗ್ತದ. ಆಶಾ ಹುಡುಕಿ ಕರ್ಕೊಂಡು ಬಂದ ಮೊದಲ ಪೇಷಂಟ್‌ಗೆ ಸ್ಟಾಕ್ ಇಲ್ಲ ಅಂತ ಹೇಳಿದ್ರ ಆಕಿ ಎರಡನೇಯವರನ್ನ ಕರ್ಕೊಂಡು ಬರಂಗಿಲ್ಲ.

ಸಿಂಧನೂರು_ಸೋಶಿಯಲ್‌ವರ್ಕರ್:

ಇಂಡೆಂಟ್ ಜೊತಿಗೇ ನಿಮ್ಮ ಜಿಲ್ಲಾ ಟೀಮಿಗೆ ಒಂದು ಪತ್ರ ಕೊಡ್ರಿ ಸರ್, ಟ್ರೇನಿಂಗ್ ಆದ ಮ್ಯಾಲ ತಿಂಗಳಿಗೊಮ್ಮೆ ಕೇಸ್ ಚರ್ಚೆಗೆ ಯಾರಾದ್ರೂ ಬರ್ಲಿ, ಬರ್ಲಿಕ್ಕೆ ಆಗ್ಲಿಲ್ಲಂದ್ರ ವಿಡಿಯೋ ಕಾಲ್‌ನಾಗ ಆದ್ರೂ ಸಿಗ್ಲಿ ಅಂತ. ಬಿಪಿ ಶುಗರ್‌ನವರ ರಿಜಿಸ್ಟರ್‌ನಾಗೇ ಇವರಿಗೂ ಒಂದು ಪುಟ ಬಿಟ್ಟು, ಮುಂದ ಬರೋ ತಾರೀಖು ಬರೀರಿ, ತಪ್ಪಿದವರ ಹೆಸರು ಆಯಾ ಆಶಾಗೆ ಅದೇ ವಾರ ಫೋನ್ ಮಾಡಿ ಹೇಳ್ರಿ. ಪಾತ್ರ ಮಾಡ್ಸೋಕೆ ನಾನು ಬರ್ಕೊಂಡ ಎರಡು ಮೂರು ಸನ್ನಿವೇಶ ನಮ್ಮ ಸೀಮಿ ಮಾತಿನಾಗೇ ಅವ, ಬೇಕಂದ್ರ ಮೆಸೇಜ್ ಮಾಡ್ರಿ ಕಳಿಸ್ತೀನಿ.